ನಮ್ಮ ತಡಕ್ಕೆ ದಂಡ, ಅವರ ತಡಕ್ಕೆ 'ನಾಳೆ ಬನ್ನಿ'

ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ಆಸ್ತಿ ತೆರಿಗೆ ಗಡುವು ಮೀರಿದರೆ ತಿಂಗಳಿಗೆ ಶೇ 2 ದಂಡ. ಕಲಬುರಗಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ನನ್ನಂಥವನಿಗೆ ಈ ಲೆಕ್ಕ ಬಾಯಿಪಾಠ. ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿ ಶೇ 5 ರಿಯಾಯಿತಿ ತೆಗೆದುಕೊಳ್ಳುವುದು ನಮ್ಮ ಮನೆಯ ರೂಢಿ. ಸರ್ಕಾರದ ಬಾಕಿ ಮತ್ತು ದೇವರ ಹರಕೆ ಎರಡನ್ನೂ ಉಳಿಸಿಕೊಳ್ಳಬಾರದು ಅಂತ ಅಪ್ಪ ಹೇಳುತ್ತಿದ್ದರು. ನಾನು ಹಳೇ ವಿಚಾರದ ಮನುಷ್ಯ. ಕೊಡಬೇಕಾದ್ದನ್ನು ಹೊತ್ತಿಗೆ ಕೊಡಬೇಕು, ಮಾಡಬೇಕಾದ ಕೆಲಸವನ್ನು ಹೊತ್ತಿಗೆ ಮಾಡಬೇಕು.

ಸರ್ಕಾರವೇ ತಡ ಮಾಡಿದರೆ? ಅದಕ್ಕೂ ಕಾನೂನಿದೆ. ಸಕಾಲ ಕಾಯ್ದೆ, 2011ರದ್ದು. 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂತು. 'ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ' ಅಂತ ಗೋಡೆ ಗೋಡೆಗೆ ಬರೆಸಿದ್ದರು. ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ನಂಬರ್, ಅಂದರೆ ಅರ್ಜಿ ಸ್ವೀಕರಿಸಿದ್ದಕ್ಕೆ ಗುರುತಿನ ಸಂಖ್ಯೆ, ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಜಾಸ್ತಿ ಅಂದರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಕೊಡಬೇಕು. ಆ ದುಡ್ಡು ತಡ ಮಾಡಿದ ಅಧಿಕಾರಿಯ ಸಂಬಳದಿಂದಲೇ ಹೋಗಬೇಕು. ಒಳ್ಳೆಯ ಕಾನೂನು. ಅದನ್ನು ಮಾಡಿದವರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಆ 500 ರೂಪಾಯಿ ಪಡೆದ ಒಬ್ಬ ಮನುಷ್ಯನನ್ನೂ ನನ್ನ ಪರಿಚಯದವರಲ್ಲಿ ನಾನು ಕಂಡಿಲ್ಲ.

ಯಾಕೆ ಅಂದರೆ ಆ ಕಾನೂನನ್ನು ದಾಟುವ ದಾರಿ ಬಹಳ ಸಲೀಸು. ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದು ನೋಡಿ, ಅದಿಲ್ಲ ಇದಿಲ್ಲ ಅಂತ ವಾಪಸ್ ಕೊಡುತ್ತಾರೆ. ಕಂಪ್ಯೂಟರಿಗೆ ಏರದ ಅರ್ಜಿಗೆ ಗಡುವು ಎಲ್ಲಿಂದ ಶುರುವಾಗಬೇಕು? ಏರಿದರೂ, ಗಡುವು ಹತ್ತಿರ ಬಂದಾಗ 'ದಾಖಲೆ ಸರಿಯಿಲ್ಲ' ಅಂತ ತಿರಸ್ಕರಿಸುತ್ತಾರೆ. ಅವರ ಲೆಕ್ಕದಲ್ಲಿ ಅದು 'ವಿಲೇವಾರಿ'. ಜನರ ಕೆಲಸ ಇದ್ದಲ್ಲೇ ಇರುತ್ತದೆ, ಮೇಲಕ್ಕೆ ಹೋಗುವ ವರದಿಯಲ್ಲಿ ಬಾಕಿ ಸೊನ್ನೆ.

ನಮ್ಮ ಅತ್ತಿಗೆಯ ಪೌತಿ ಖಾತೆಯ ವಿಷಯ ಹೇಳುತ್ತೇನೆ. ಅಣ್ಣ ತೀರಿಕೊಂಡ ಮೇಲೆ ಹೊಲ ಅವರ ಹೆಸರಿಗೆ ಆಗಬೇಕಿತ್ತು. ತಕರಾರು ಮಾಡುವವರು ಯಾರೂ ಇಲ್ಲ. ಮಕ್ಕಳು ಒಪ್ಪಿದ್ದಾರೆ, ನಾವೆಲ್ಲ ಸಹಿ ಹಾಕಿದ್ದೇವೆ. ಮರಣ ಪ್ರಮಾಣಪತ್ರ, ವಂಶಾವಳಿ, ಅಫಿಡವಿಟ್ ಎಲ್ಲ ಇದೆ. ಅಡ್ಡ ಬಂದದ್ದು ಅಣ್ಣನ ಹೆಸರು. ಆಧಾರ್‌ನಲ್ಲಿ ಶರಣಪ್ಪ, ಪಹಣಿಯಲ್ಲಿ ಶರಣಬಸಪ್ಪ. ನಮ್ಮ ಭಾಗದಲ್ಲಿ ಹೀಗೆ ಎರಡು ಹೆಸರಿನಿಂದ ಕರೆಸಿಕೊಳ್ಳುವವರು ಇಲ್ಲದ ಮನೆ ಯಾವುದಿದೆ ಹೇಳಿ. ಒಬ್ಬನೇ ಮನುಷ್ಯ ಅಂತ ಇಡೀ ಊರಿಗೆ ಗೊತ್ತು.

ಅದು ಬೇಸಿಗೆ. ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಅತ್ತಿಗೆ ಮೊದಲ ಬಸ್ಸಿಗೆ ಬಂದು 8ಕ್ಕೆ ಬಾಗಿಲ ಮುಂದೆ ಕೂತಿದ್ದರು. ಜೊತೆಗೆ ನಾನಿದ್ದೆ. ಹತ್ತರ ಹತ್ತಿರಕ್ಕೆ ಒಬ್ಬರು ಬಂದು ಫ್ಯಾನ್ ಹಾಕಿದರು. ಪ್ಲಾಸ್ಟಿಕ್ ಚೀಲದಿಂದ ಅತ್ತಿಗೆ ಒಂದೊಂದೇ ಕಾಗದ ತೆಗೆದು ಟೇಬಲ್ ಮೇಲೆ ಇಟ್ಟರು. ಫ್ಯಾನಿನ ಗಾಳಿಗೆ ಹಾರದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದರು. 'ಅಕ್ಕಾರೆ, ಹೆಸರು ಹೊಂದವಲ್ದರಿ. ಸಾಹೇಬ್ರು ಮೀಟಿಂಗ್‌ಗ ಹೋಗ್ಯಾರ, ನಾಳಿ ಬರ್ರಿ' ಅಂದರು. ನಾಳೆ ಹೋದರೆ ಸರ್ವರ್ ಇಲ್ಲ. ಸರ್ವರ್ ಬಂದ ದಿನ ಒಂದೂವರೆಗೆ ಬಾಗಿಲು. ಕೂಲಿಯವರನ್ನು ಹೊಲದಲ್ಲಿ ಬಿಟ್ಟು ಬಂದ ಹೆಣ್ಣುಮಗಳು, ತಲೆ ಮೇಲೆ ಸೆರಗು ಹೊದ್ದು, ಆ ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವುದನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇದು ಬರೀ ಒಂದು ಕಾಗದದ ವಿಷಯ ಅಂದುಕೊಳ್ಳಬೇಡಿ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆ ಹೊಲ ಸೇರುವುದಿಲ್ಲ. ಅದಿಲ್ಲದಿದ್ದರೆ ಖರೀದಿ ಕೇಂದ್ರದಲ್ಲಿ ತೊಗರಿ ತೆಗೆದುಕೊಳ್ಳುವುದಿಲ್ಲ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅತ್ತಿಗೆ ಅದಕ್ಕಿಂತ ಕಡಿಮೆಗೆ ಅಡತಿಗೆ (ದಲಾಲಿ ಅಂಗಡಿಗೆ) ಹಾಕಿ ಬಂದರು. ಬೆಳೆ ವಿಮೆ, ಬ್ಯಾಂಕಿನ ಬೆಳೆ ಸಾಲ ಎಲ್ಲದಕ್ಕೂ ಅದೇ ಪಹಣಿ. ತೊಗರಿಯ ಕಣಜ ಅಂತ ಹೆಸರಾದ ಜಿಲ್ಲೆ ನಮ್ಮದು, ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಬೆಳೆದವಳಿಗೆ ಅವಳ ಹೊಲದ ಮೇಲೆ ಅವಳ ಹೆಸರು ಸಿಗುವುದಿಲ್ಲ.

ಈಗ ಪೌತಿ ಖಾತೆಗೆ ಆಂದೋಲನ ಮಾಡುತ್ತಿದ್ದಾರೆ. ಅದಾಲತ್ ಮಾಡುತ್ತಾರೆ, ಜನಸ್ಪಂದನ ಮಾಡುತ್ತಾರೆ. ಶಾಮಿಯಾನ ಹಾಕಿ, ಮಂತ್ರಿಗಳನ್ನು ಕರೆಸಿ, ಫಲಾನುಭವಿಗಳನ್ನು ಸಾಲಾಗಿ ನಿಲ್ಲಿಸಿ ಕಾಗದ ಹಂಚುತ್ತಾರೆ. ಕೆಲಸ ಆದವರಿಗೆ ಒಳ್ಳೆಯದಾಯಿತು, ಬೇಡ ಅನ್ನುವುದಿಲ್ಲ. ಆದರೆ ದಿನಾ ಟೇಬಲ್ ಮೇಲೆ ಆಗಬೇಕಾದ ಕೆಲಸಕ್ಕೆ ಆಂದೋಲನ ಯಾಕೆ ಬೇಕು? ದಿನದ ಕೆಲಸ ದಿನಾ ಆಗಿದ್ದರೆ ಶಾಮಿಯಾನ ಬೇಕಾಗುತ್ತಿರಲಿಲ್ಲ ಅಲ್ವಾ?

ಕೆಳಗಿನ ನೌಕರರನ್ನೇ ಬೈದು ಮುಗಿಸುವುದು ನ್ಯಾಯವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಕೂತರು. ಕೂರಲು ಸರಿಯಾದ ಕಚೇರಿ ಇಲ್ಲ, ಕಂಪ್ಯೂಟರ್ ಇಲ್ಲ, ಹತ್ತಾರು ಆ್ಯಪ್‌ಗಳ ಕೆಲಸ ನಮ್ಮ ಮೊಬೈಲಿನಲ್ಲೇ ಮಾಡಿಸುತ್ತಾರೆ ಅನ್ನುವುದು ಅವರ ಅಳಲು. ಸುಳ್ಳಲ್ಲ. ನಮ್ಮ ಊರಿನ ತಲಾಟಿ, ಅಂದರೆ ಗ್ರಾಮ ಆಡಳಿತ ಅಧಿಕಾರಿ, ಗುಡಿಯ ಕಟ್ಟೆ ಮೇಲೆ ಕೂತು ಬೆಳೆ ಸಮೀಕ್ಷೆಯ ಫೋಟೋ ಅಪ್‌ಲೋಡ್ ಮಾಡುವುದನ್ನು ನಾನೇ ನೋಡಿದ್ದೇನೆ. ಅವರಿಗೆ ಎರಡು ಮೂರು ಸರ್ಕಲ್‌ಗಳ ಚಾರ್ಜ್. ಯಾಕೆ ಅಂದರೆ ಪಕ್ಕದ ಹುದ್ದೆ ಖಾಲಿ.

ನನ್ನ ಮುಖ್ಯ ದೂರು ಇಲ್ಲಿಗೇ ಬಂದು ನಿಲ್ಲುತ್ತದೆ. ಖಾಲಿ ಕುರ್ಚಿ. ನಮ್ಮ ಹಿರಿಯರು ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ವರ್ಷಗಟ್ಟಲೆ ಹೋರಾಡಿದರು. ವೈಜನಾಥ ಪಾಟೀಲರಂಥವರು ಅದಕ್ಕಾಗಿ ಬೀದಿಗಿಳಿದರು. ಸಂವಿಧಾನದ 98ನೇ ತಿದ್ದುಪಡಿ 2012ರಲ್ಲಿ ಪಾಸಾಗಿ 2013ರಲ್ಲಿ ಜಾರಿಗೆ ಬಂತು. ಈ ಭಾಗದ ಎ ಮತ್ತು ಬಿ ದರ್ಜೆ ಹುದ್ದೆಗಳಲ್ಲಿ ಶೇ 75, ಸಿ ದರ್ಜೆಯಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ನಮ್ಮ ಮಕ್ಕಳಿಗೆ ಅಂತ ಆಯಿತು. ಬಹಳ ದೊಡ್ಡ ಗೆಲುವು. ಆದರೆ ಹುದ್ದೆಯನ್ನೇ ತುಂಬದಿದ್ದರೆ ಶೇ 80 ಯಾವುದರ ಮೇಲೆ? ಮಕ್ಕಳು ಸಹಾಯಕ ಆಯುಕ್ತರ (ಎ.ಸಿ.) ಆಫೀಸಿನ ಮುಂದೆ ಸಾಲು ನಿಂತು 371ಜೆ ಸರ್ಟಿಫಿಕೇಟ್ ಮಾಡಿಸಿಕೊಳ್ಳುತ್ತಾರೆ. ಆ ಸರ್ಟಿಫಿಕೇಟ್ ಹಿಡಿದು ಹೋಗಲು ನೇಮಕಾತಿ ಬೇಕಲ್ಲ.

ಇದರ ಪೆಟ್ಟು ಎಲ್ಲಕ್ಕಿಂತ ಜಾಸ್ತಿ ಬಿದ್ದಿರುವುದು ಶಾಲೆಗೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಯಾದಗಿರಿ ಕೊನೆ. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಕೊನೆ, ಶೇ 42.43. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12. ಅದೇ ರಾಜ್ಯ, ಅದೇ ಪುಸ್ತಕ, ಅದೇ ಪ್ರಶ್ನೆಪತ್ರಿಕೆ. ನಮ್ಮ ಮಕ್ಕಳು ದಡ್ಡರಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ, ಗಣಿತಕ್ಕೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮೊದಲ ಪಾಠಗಳ ಹೊತ್ತು ಕಳೆದಿರುತ್ತದೆ. ತಿಂಗಳ ಗೌರವಧನಕ್ಕೂ ಕಾಯಬೇಕಾದ ಆ ಹುಡುಗ, ಬೇರೆ ಕೆಲಸ ಸಿಕ್ಕ ಕೂಡಲೇ ಹೋಗುತ್ತಾನೆ. ಅವನ ತಪ್ಪೂ ಅಲ್ಲ. ಫಲಿತಾಂಶ ಬಂದ ದಿನ ಸಭೆ ಆಗುತ್ತದೆ, ನೋಟಿಸ್ ಕೊಡುತ್ತಾರೆ, ಮಂತ್ರಿಗಳು 'ಗಂಭೀರವಾಗಿ ಪರಿಗಣಿಸಿದ್ದೇವೆ' ಅನ್ನುತ್ತಾರೆ. ಅಷ್ಟರಲ್ಲಿ ಫೇಲಾದ ಮಕ್ಕಳು ಪುಣೆಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಬಸ್ ಹತ್ತಿರುತ್ತಾರೆ.

ದುಡ್ಡಿಲ್ಲ ಅನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗುತ್ತಿದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು, ರಾಜ್ಯದ 39 ಅತಿ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವು ಅಂತ. ಅಂದಿನಿಂದ ಈಗಿನವರೆಗೆ ಕಟ್ಟಡಗಳು ಬಹಳ ಎದ್ದಿವೆ. ಸಿ.ಸಿ. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ. ಕೊಠಡಿ ಕಟ್ಟಲು ಟೆಂಡರ್ ಇರುತ್ತದೆ, ಗುತ್ತಿಗೆದಾರ ಇರುತ್ತಾನೆ, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಇರುತ್ತದೆ. ಮೇಷ್ಟ್ರನ್ನು ನೇಮಿಸಿದರೆ ಕಲ್ಲಿನ ಮೇಲೆ ಯಾರ ಹೆಸರೂ ಬರುವುದಿಲ್ಲ. ನನಗೆ ಕಾಣುವ ಕಾರಣ ಇದೇ.

ಗ್ಯಾರಂಟಿಗಳ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯಲ್ಲೇ. 2025-26ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ 51,000 ಕೋಟಿಗೂ ಜಾಸ್ತಿ ಇಟ್ಟಿದ್ದಾರೆ. ಬಡ ಹೆಣ್ಣುಮಗಳ ಕೈಗೆ 2,000 ರೂಪಾಯಿ ಹೋದರೆ ಹೊಟ್ಟೆಕಿಚ್ಚು ಪಡುವವನು ನಾನಲ್ಲ. ನಮ್ಮ ಓಣಿಯಲ್ಲಿ ಆ ದುಡ್ಡಿನಿಂದ ಔಷಧಿ ತರುವವರಿದ್ದಾರೆ, ಗೊತ್ತು. ನನ್ನ ಮಾತು ಬೇರೆ. ಶರಣಬಸವೇಶ್ವರರ ಊರಿನವರಿಗೆ ದಾಸೋಹ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಶರಣರು ದಾಸೋಹಕ್ಕಿಂತ ಮೊದಲು ಕಾಯಕ ಇಟ್ಟರು. ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಅಂದಳು ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಕಥೆ. ಸರ್ಕಾರದ ಕಾಯಕ ಯಾವುದು? ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಡಾಕ್ಟರ್, ಹೊಲಕ್ಕೆ ಸರಿಯಾದ ದಾಖಲೆ, ನಲ್ಲಿಗೆ ನೀರು, ಹುಡುಗಿಯರು ಶಾಲೆಗೆ ಹೋಗುವ ಹೊತ್ತಿಗೆ ಬಸ್ಸು. ಟಿಕೆಟ್ ಉಚಿತ ಮಾಡಿದ್ದೀರಿ, ಸರಿ. ಬಸ್ಸುಗಳನ್ನು ಅಷ್ಟೇ ಹೆಚ್ಚಿಸಬೇಕಿತ್ತು. ಬಾಗಿಲಲ್ಲಿ ನೇತಾಡಿಕೊಂಡು ಬರುವ ಕಾಲೇಜು ಹುಡುಗರನ್ನು ನಮ್ಮ ರಿಂಗ್ ರೋಡಿನಲ್ಲಿ ಬೆಳಿಗ್ಗೆ ನಿಂತು ನೋಡಿ.

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ಹಿಡಿದು ರಾಜ್ಯದ ತುಂಬ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದವು. ಬೇಕರಿಯವರು, ತರಕಾರಿಯವರು, ಚಹಾದ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತಿಟ್ಟರು. ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೂಡಂಗಡಿಯ ಹತ್ತು ರೂಪಾಯಿಯ ಜಮೆಯನ್ನು ಬೆಂಗಳೂರಿನಲ್ಲಿ ಕೂತು ಹುಡುಕುವ ಸರ್ಕಾರಕ್ಕೆ, ನಮ್ಮ ಅತ್ತಿಗೆಯ ಫೈಲು ಯಾವ ಟೇಬಲ್ ಮೇಲಿದೆ ಅಂತ ಹುಡುಕುವುದು ಕಷ್ಟವೇ? ಕಷ್ಟವಲ್ಲ. ಮನಸ್ಸಿಲ್ಲ.

ನೀರಿನ ಕಥೆಯೂ ಹೀಗೇ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಯ ಜೊತೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಟ್ಟು ತೋರಿಸಿದರು. ವಿಶ್ವ ಬ್ಯಾಂಕಿನ ಸಾಲದ ಯೋಜನೆ. ಅಂದರೆ ಕಲಬುರಗಿಯಲ್ಲಿ ಆಗುವುದಿಲ್ಲ ಅನ್ನುವ ನೆಪ ಅವತ್ತೇ ಮುಗಿಯಿತು. ಉಳಿದ ವಾರ್ಡುಗಳ ಜನ ಇವತ್ತಿಗೂ ನೀರು ಬಿಡುವ ದಿನಕ್ಕೆ ಕಾಯುತ್ತಾರೆ. ರಾತ್ರಿ ಬಿಟ್ಟರೆ ರಾತ್ರಿ ಎದ್ದು ಕೊಡ ತುಂಬುತ್ತಾರೆ. ಪೈಪ್ ಹಾಕಲು ಅಗೆದ ರಸ್ತೆಗಳನ್ನು ಸರಿಯಾಗಿ ಮುಚ್ಚದೆ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ನಮ್ಮ ಕರಿಮಣ್ಣು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇದನ್ನು ಓದಿ 'ನಿಮ್ಮ ಪಕ್ಷ ಇದ್ದಾಗ ಏನು ಮಾಡಿತ್ತು' ಅಂತ ಕೇಳುವವರಿದ್ದೀರಿ. ಕೇಳಿ, ಕೇಳಬೇಕಾದ ಪ್ರಶ್ನೆಯೇ. ನಾನು ಓಟು ಹಾಕಿದ ಪಕ್ಷ ಅಧಿಕಾರದಲ್ಲಿದ್ದಾಗಲೇ ಪಿಎಸ್‌ಐ ನೇಮಕಾತಿಯ ಅಕ್ರಮ ನಡೆಯಿತು. 545 ಹುದ್ದೆಗಳ ಪರೀಕ್ಷೆ, ಅಕ್ರಮ ಮೊದಲು ಬಯಲಾದದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಲ್ಲಿ. ಹಗಲೂ ರಾತ್ರಿ ಓದಿದ ಹುಡುಗರ ಬಾಳಿಗೆ ಕಲ್ಲು ಹಾಕಿದರು. ಅವತ್ತೂ ಸಿಟ್ಟು ಬಂದಿತ್ತು, ಅವತ್ತೂ ಬರೆದಿದ್ದೆ. 2014ರಲ್ಲಿ ಘೋಷಣೆಯಾಗಿದ್ದ ಕಲಬುರಗಿ ರೈಲ್ವೆ ವಿಭಾಗವನ್ನು ಆಮೇಲೆ ಬಂದ ದೆಹಲಿಯವರು ಮರೆತರು, ಅದನ್ನೂ ಕೇಳುತ್ತೇನೆ. ಶಿಸ್ತು ಬೇಕು ಅನ್ನುವವನು ತನ್ನ ಪಕ್ಷಕ್ಕೆ ಬೇರೆ, ಎದುರಿನ ಪಕ್ಷಕ್ಕೆ ಬೇರೆ ಅಳತೆ ಹಿಡಿಯಬಾರದು.

ಪ್ರತಿ ಸೆಪ್ಟೆಂಬರ್ 17ಕ್ಕೆ ಮುಖ್ಯಮಂತ್ರಿ ಬಂದು ಇಲ್ಲಿ ಬಾವುಟ ಹಾರಿಸುತ್ತಾರೆ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ, ನಮಗೆ ಹಬ್ಬ. 2024ರಲ್ಲಿ ಅದೇ ದಿನ ಇಲ್ಲೇ ಸಂಪುಟ ಸಭೆ ಆಯಿತು, ಹತ್ತು ವರ್ಷದ ಮೇಲೆ. ಸಂತೋಷ. ಇನ್ನು ಮುಂದೆ ಆ ದಿನದ ಭಾಷಣದಲ್ಲಿ ಹೊಸ ಯೋಜನೆ ಬೇಡ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಇಲಾಖೆವಾರು ಎಷ್ಟು ಹುದ್ದೆ ಖಾಲಿ ಇದ್ದವು, ಕಳೆದ ವರ್ಷದಲ್ಲಿ ಎಷ್ಟು ತುಂಬಿದಿರಿ ಅಂತ ಓದಿ ಹೇಳಿ. ಸಕಾಲದಡಿ ಎಷ್ಟು ಅಧಿಕಾರಿಗಳ ಸಂಬಳದಿಂದ ದುಡ್ಡು ಕಡಿದಿರಿ ಅಂತ ಹೇಳಿ.

ನಮ್ಮ ಪಾಲಿನ ಕೆಲಸವೂ ಇದೆ. ಅರ್ಜಿ ಕೊಟ್ಟರೆ ಜಿಎಸ್‌ಸಿ ನಂಬರ್ ಇಲ್ಲದೆ ಕಿಟಕಿ ಬಿಟ್ಟು ಬರಬೇಡಿ. ಬಾಯಿಮಾತಿನಲ್ಲಿ 'ಆಗೋದಿಲ್ಲ' ಅಂದರೆ ಕಾರಣ ಬರೆದು ಕೊಡಿ ಅನ್ನಿ. ಗಡುವು ಮೀರಿದರೆ ಮೇಲ್ಮನವಿ ಹಾಕಿ, ಅದು ಕಾನೂನಿನಲ್ಲೇ ಇದೆ. ನಮ್ಮ ಅತ್ತಿಗೆಯ ಮೇಲ್ಮನವಿಯನ್ನು ನಾನೇ ಬರೆದು ಕೊಟ್ಟಿದ್ದೇನೆ. ಬೇಕಾದವರು ಅಂಗಡಿಗೆ ಬಂದರೆ ಅದರ ಕಾಪಿ ತೆಗೆದುಕೊಡುತ್ತೇನೆ. ಇನ್ನು, ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆಯಿಲ್ಲದೆ ವರ್ಷಗಳೇ ಕಳೆದವು. ಅದೇ ಚುನಾವಣೆಗೆ ಓಟು ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಕೂರಿಸಿ ಚಹಾ ಕೊಡಿ. ಕೊಟ್ಟು, ನಮ್ಮೂರ ಹೈಸ್ಕೂಲಿಗೆ ಗಣಿತದ ಮೇಷ್ಟ್ರು ಯಾವ ತಾರೀಖಿಗೆ ಬರುತ್ತಾರೆ ಅಂತ ಕೇಳಿ. ತಾರೀಖು ಹೇಳುವ ತನಕ ಬೇರೆ ಮಾತು ಎತ್ತಬೇಡಿ.