ಪಂಚೆ ಒಣಗುವವರೆಗೆ

ನಮ್ಮ ಬೀದಿಗೆ ಕಾವೇರಿ ದಿನ ಬಿಟ್ಟು ದಿನ ಬರುತ್ತಾಳೆ, ಅದೂ ರಾತ್ರಿ ಮೂರರ ಮೇಲೆ. ಬರುವ ಮುನ್ನ ನಲ್ಲಿಯಲ್ಲಿ ಒಂದು ನಿಟ್ಟುಸಿರು ಕೇಳುತ್ತದೆ, ಆಮೇಲೆ ಎರಡು ಕೆಮ್ಮು, ಆಮೇಲೆ ನೀರು. ಆ ನಿಟ್ಟುಸಿರಿಗೇ ಎದ್ದು ಕೂರುವ ಅಭ್ಯಾಸ ಮನೆಯಲ್ಲಿ ನನ್ನೊಬ್ಬನಿಗೆ ಮಾತ್ರ ಇದೆ. ಹೆಂಡತಿ ಬೆಳಿಗ್ಗೆ ಬ್ಯಾಂಕಿಗೆ ಹೊರಡಬೇಕಾದವಳು, ಅವಳ ನಿದ್ದೆ ಕೆಡಿಸುವಂತಿಲ್ಲ. ಮಗಳಿಗೆ ಎಂಟು ವರ್ಷ, ಅಪ್ಪನಿಗೆ ಎಂಬತ್ತೆರಡು. ಉಳಿದವನು ನಾನು, ಬರಹಗಾರ. ಅಂದರೆ ನಮ್ಮ ಮನೆಯ ಭಾಷೆಯಲ್ಲಿ, ಹೇಗೂ ಮನೆಯಲ್ಲೇ ಇರುವವನು.

ಈ ‘ಹೇಗೂ’ ಎಂಬ ಪದದ ಬಗ್ಗೆ ಯಾರಾದರೂ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಹೇಗೂ ಮನೆಯಲ್ಲೇ ಇರುತ್ತೀರಲ್ಲ, ಗ್ಯಾಸಿನವನು ಬಂದರೆ ಸಿಲಿಂಡರ್ ಇಳಿಸಿಕೊಳ್ಳಿ. ಹೇಗೂ ಅಂಗಡಿಗೆ ಹೋಗುತ್ತೀಯಲ್ಲ, ನನ್ನ ಬಿಪಿ ಮಾತ್ರೆ ತಂದುಬಿಡು. ಅಂಗಡಿಗೆ ಹೋಗುವ ಯೋಚನೆ ನನಗೆ ಕನಸಿನಲ್ಲೂ ಬಂದಿರುವುದಿಲ್ಲ. ಆ ‘ಹೇಗೂ’ ಕಿವಿಗೆ ಬಿದ್ದ ಮೇಲೆ ನಾನು ಆಗಲೇ ಚಪ್ಪಲಿ ಮೆಟ್ಟಿರುತ್ತೇನೆ. ವ್ಯಾಕರಣದ ಪ್ರಕಾರ ಅದು ಅವ್ಯಯ. ವ್ಯಯವಾಗದೆ ಉಳಿಯುವುದು ಎಂದರ್ಥ. ನಿಜ, ಅದು ವ್ಯಯವಾಗುವುದಿಲ್ಲ, ನಾನು ಆಗುತ್ತೇನೆ.

ಹಾಗೆಂದು ರಾತ್ರಿಯ ನೀರಿನ ಕಾವಲಿನ ಮೇಲೆ ನನಗೆ ಸಿಟ್ಟಿಲ್ಲ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ನಡೆದು, ಮೂರು ಕಡೆ ಪಂಪುಗಳು ಎತ್ತಿದಂತೆಲ್ಲ ಸುಮಾರು ಅರ್ಧ ಕಿಲೋಮೀಟರು ಎತ್ತರವನ್ನು ಏರಿ ಬೆಂಗಳೂರಿಗೆ ಬರುವವಳು ಅವಳು. 1974ರಿಂದಲೂ ಹೀಗೆ ಹತ್ತುತ್ತಲೇ ಇದ್ದಾಳೆ. ಅಷ್ಟು ದಣಿದು ಬಂದವಳನ್ನು ಎದುರುಗೊಳ್ಳದೆ ಮಗ್ಗುಲು ಬದಲಿಸಿ ಮಲಗಿದರೆ ಅದು ಯಾವ ಮರ್ಯಾದೆ? ಕಾವೇರಿಗಿಂತ ಮೊದಲು ಕುಡಿದ ತಿಪ್ಪಗೊಂಡನಹಳ್ಳಿಯ ನೀರಿನ ರುಚಿ ಈಗಿನದಕ್ಕೆ ಇಲ್ಲ ಎನ್ನುವುದು ಅಪ್ಪನ ತಕರಾರು. ಆದರೆ ಆ ರುಚಿಯ ನೀರು ಹಗಲಲ್ಲಿ ಬರುತ್ತಿತ್ತೋ ರಾತ್ರಿಯೋ ಎಂದು ಕೇಳಿದರೆ ಅವರಿಗೆ ನೆನಪಾಗುವುದಿಲ್ಲ. ಆಗ ಎದ್ದು ಹಿಡಿಯುತ್ತಿದ್ದವಳು ಅಮ್ಮ.

ಸೆಪ್ಟೆಂಬರ್ 30ರ ರಾತ್ರಿ, ಅಂದರೆ ಅಕ್ಟೋಬರ್ 1ರ ಮೂರು ಗಂಟೆ ಹತ್ತು ನಿಮಿಷಕ್ಕೆ, ನಾನು ಸಂಪಿನ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದೆ. ದೀಪಾವಳಿ ವಿಶೇಷಾಂಕಕ್ಕೆ ಅದೇ ದಿನ ಸಂಜೆಯೊಳಗೆ ಸಾವಿರದ ಐನೂರು ಪದಗಳ ಪ್ರಬಂಧ ಕೊಡಬೇಕಿತ್ತು. “ಲಘುವಾಗಿರಲಿ” ಎಂದಿದ್ದರು ಸಂಪಾದಕರು. ಒಂದು ವಾರದಿಂದ ಕೈಗೆ ಸಿಗದೆ ಆಟವಾಡಿಸುತ್ತಿದ್ದ ಮೊದಲ ವಾಕ್ಯ ಅಲ್ಲಿ, ಆ ಕತ್ತಲಲ್ಲಿ, ತಾನಾಗಿ ಬಂದು ಕೂತಿತು. ಮೇಲಿನ ಟ್ಯಾಂಕಿಗೆ ಮೋಟಾರು ಹಾಕಿದ್ದೆ ಎಂಬುದು ಮರೆತುಹೋಯಿತು. ಹೆಚ್ಚಾದ ನೀರು ಪೋಲಾಗದೆ ಮತ್ತೆ ಸಂಪಿಗೇ ಬೀಳಲಿ ಎಂದು ಟ್ಯಾಂಕಿನ ಕೊಳವೆಯನ್ನು ಸರಿಯಾಗಿ ಆ ಕಟ್ಟೆಯ ಮೇಲಕ್ಕೆ ಇಳಿಬಿಟ್ಟದ್ದು ನಮ್ಮ ಮೇಸ್ತ್ರಿಯ ಜಾಣತನ. ಎರಡನೆಯ ವಾಕ್ಯಕ್ಕೆ ಕೈ ಹಾಕುವಷ್ಟರಲ್ಲಿ ಕಾವೇರಿ ನೆತ್ತಿಯ ಮೇಲಿಂದ ಇಳಿದಳು. ನೋಟ್‌ಬುಕ್ಕನ್ನು ಕಂಕುಳಲ್ಲಿ ಉಳಿಸಿಕೊಂಡೆ. ಉಳಿದ ನಾನು, ಪಂಚೆಯ ಸಮೇತ, ತೊಪ್ಪೆ.

ಮೋಟಾರು ಆರಿಸಿ ಬಂದು ಹಾಗೆಯೇ ಕೂತೆ. ಒಳಗೆ ಹೋದರೆ ಬೀರು ಕಿರುಗುಟ್ಟುತ್ತದೆ, ಮನೆಯೆಲ್ಲ ಎದ್ದುಬಿಡುತ್ತದೆ. ಆಗ ನೆನಪಾದವನು ಕುಮಾರವ್ಯಾಸ. ಗದುಗಿನ ವೀರನಾರಾಯಣ ದೇವಸ್ಥಾನದ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂತು, ಬಟ್ಟೆ ಆರುವವರೆಗೆ ಕಾವ್ಯ ಬರೆಯುತ್ತಿದ್ದನಂತೆ. ಬಟ್ಟೆ ಆರಿತೋ, ಆ ದಿನದ ಕವಿತ್ವವೂ ಆರಿತು. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಚಿಕ್ಕಂದಿನಿಂದ ಇದನ್ನು ಭಕ್ತಿಯ ಕಥೆಯೆಂದೇ ಕೇಳಿಕೊಂಡು ಬಂದವನಿಗೆ, ನೀರು ತೊಟ್ಟಿಕ್ಕುತ್ತ ಕೂತಿದ್ದ ಆ ಹೊತ್ತಿನಲ್ಲಿ ಬೇರೊಂದು ಗುಮಾನಿ ಬಂತು. ಕುಮಾರವ್ಯಾಸ ಕೋಳಿವಾಡದ ಶಾನುಭೋಗರ ಮನೆತನದವನು ಎನ್ನುತ್ತಾರೆ. ಶಾನುಭೋಗಿಕೆ ಎಂದರೆ ಊರಿನ ಲೆಕ್ಕ, ಕಂದಾಯ, ಗಡಿಯ ಜಗಳ. ಬೆಳಗಾದರೆ ಜಗಲಿಯ ತುಂಬ ಜನ. ‘ಹೇಗೂ ಮನೆಯಲ್ಲೇ ಇದ್ದೀರಲ್ಲ, ನಮ್ಮ ಹೊಲದ ಲೆಕ್ಕವೊಂದನ್ನು ನೋಡಿಬಿಡಿ’ ಎನ್ನುವವರು ಅವನಿಗೂ ಇದ್ದಿರಬೇಕು. ಅಂಥವನಿಗೆ ಒದ್ದೆ ಬಟ್ಟೆಗಿಂತ ಒಳ್ಳೆಯ ಬಾಗಿಲು ಬೇರೆ ಯಾವುದಿದೆ? ಒದ್ದೆಯಲ್ಲಿದ್ದವನು ಮಡಿಯಲ್ಲಿದ್ದಾನೆ. ಮಡಿಯಲ್ಲಿದ್ದವನನ್ನು ಮುಟ್ಟುವಂತಿಲ್ಲ, ಕರೆಯುವಂತಿಲ್ಲ, ಅಂಗಡಿಗೆ ಅಟ್ಟುವಂತಿಲ್ಲ. ಮಹಾಕವಿಯ ಬಗ್ಗೆ ಹೀಗೆಲ್ಲ ಯೋಚಿಸಿದ್ದು ತಪ್ಪೆಂದಾದರೆ, ಮೂರೂವರೆ ಗಂಟೆಗೆ ಚಳಿಯಲ್ಲಿ ಕೂತವನ ಮಾತೆಂದು ವಿದ್ವಾಂಸರು ಕ್ಷಮಿಸಬೇಕು.

ಮತ್ತೆ ಮಲಗಲಿಲ್ಲ. ಆರು ಗಂಟೆಗೆ ಹಾಲಿಗೆ ಇಟ್ಟೆ. ಹಾಲು ಕಾಯುವಾಗ ಮೇಲೆ ಪ್ರೋಟೀನು, ಕೊಬ್ಬು ಸೇರಿ ತೆಳ್ಳಗೆ ಕೆನೆ ಕಟ್ಟುತ್ತದೆ. ಕೆಳಗಿನ ಆವಿಗೆ ದಾರಿ ಸಿಗದೆ ಅದು ಆ ಕೆನೆಯನ್ನೇ ಹೊತ್ತುಕೊಂಡು ಮೇಲೇಳುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಪಾತ್ರೆಯ ಮುಂದೆ ಕಣ್ಣು ಬಿಟ್ಟುಕೊಂಡೇ ನಿಂತಿದ್ದೂ, ಹಾಲು ಉಕ್ಕಿ ಒಲೆಯನ್ನು ಆರಿಸಿತು. ನಿದ್ದೆಗೆಟ್ಟವನ ಮೆದುಳು ಕಣ್ಣು ತೆರೆದಿರುವಾಗಲೇ ಕೆಲವು ಸೆಕೆಂಡು ಮಲಗಿ ಏಳುತ್ತದಂತೆ. ಇಂಥದ್ದಕ್ಕೆಲ್ಲ ನಮ್ಮಜ್ಜಿ ಕೋಳಿನಿದ್ದೆ ಎಂಬ ಒಂದೇ ಹೆಸರು ಇಟ್ಟುಕೊಂಡಿದ್ದಳು. ಗೃಹಪ್ರವೇಶದ ದಿನ ಇದೇ ಹಾಲು ಇದೇ ಒಲೆಯ ಮೇಲೆ ಉಕ್ಕಿದಾಗ ನೆಂಟರೆಲ್ಲ ಕೈಮುಗಿದು ನಿಂತಿದ್ದರು. ಈಗ ಹೆಂಡತಿ ಬಂದು ಒಲೆಯನ್ನೂ ನನ್ನನ್ನೂ ಒಮ್ಮೆ ನೋಡಿ, ಏನೂ ಹೇಳದೆ ಮಸಿಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ಕುಕ್ಕರಿನ ವಿಷಯ ಇನ್ನೂ ಸೂಕ್ಷ್ಮ. ಬೇಳೆಗೆ ಮೂರು ಕೂಗು. ಸಂಪಾದಕರು ಹೇಳಿದ ‘ಲಘು’ ತಲೆಯಲ್ಲಿ ಕೂತಿತ್ತಾದ್ದರಿಂದ ಅಂದು ಆ ಕೂಗುಗಳೂ ನನಗೆ ಛಂದಸ್ಸಿನಂತೆ ಕೇಳತೊಡಗಿದವು. ಮೊದಲನೆಯ ಕೂಗು ದೀರ್ಘ, ಎರಡು ಮಾತ್ರೆ, ಗುರು. ಎರಡನೆಯದು ಚುಟುಕು, ಲಘು. ಮೂರನೆಯದು ಶುರುವಾಗಿ ನಡುವೆ ನಿಂತು ಮತ್ತೆ ಮುಂದುವರಿಯಿತು. ಅದನ್ನು ಒಂದು ಗುರು ಎಂದು ಎಣಿಸಬೇಕೋ ಎರಡು ಲಘು ಎಂದೋ ನಿರ್ಧರಿಸುವಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು: “ಐದಾಯಿತೋ!” ಪತ್ರಿಕೆ ಓದುತ್ತ ಕೂತಿದ್ದರೂ ಅವರ ಕಿವಿ ಅಡುಗೆಮನೆಯಲ್ಲೇ ಇರುತ್ತದೆ. ಅಂದಿನ ಸಾರಿನಲ್ಲಿ ಬೇಳೆ ಎಂಬುದು ಇತ್ತೆಂದು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು.

ಆ ದಿನಕ್ಕಾಗಿ ಅಪ್ಪ ಒಂದು ತಿಂಗಳಿಂದ ಕಾದಿದ್ದರು. ಕೇಂದ್ರ ಸರ್ಕಾರದ ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡಬೇಕು. ಎಲ್ಲರಿಗೂ ನವೆಂಬರ್ ತಿಂಗಳಾದರೆ, ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಸವಲತ್ತು ಎಂದ ಮೇಲೆ ಅದನ್ನು ಮೊದಲ ದಿನವೇ ಬಳಸದಿದ್ದರೆ ಹೇಗೆ ಎಂಬುದು ಅಪ್ಪನ ವಾದ. ಅವರ ಬೆರಳಿನ ಗೆರೆಗಳು ಸವೆದಿರುವುದರಿಂದ ಬೆರಳಚ್ಚು ಹಿಡಿಯುವುದಿಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕು ಎಂದಾಗಿದೆ. ನಾನು ಹೇಗೂ ಮನೆಯಲ್ಲೇ ಇರುತ್ತೇನೆ.

ಅಪ್ಪ ಕ್ಷೌರ ಮಾಡಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತರು. ಆದರೆ ಆ ವ್ಯವಸ್ಥೆಯಲ್ಲಿ ಮೊದಲು ಮುಖ ತೋರಿಸಬೇಕಾದವನು ಮೊಬೈಲ್ ಹಿಡಿದು ನೆರವಾಗುವವನು, ಆಮೇಲೆ ಪಿಂಚಣಿದಾರ. ಕಣ್ಣು ಮಿಟುಕಿಸಿ ಎಂದಿತು ಮೊಬೈಲು. ಫೋಟೋ ಹಿಡಿದು ಮೋಸ ಮಾಡುವವರೂ ಇರುತ್ತಾರಲ್ಲ, ಅದಕ್ಕಾಗಿ ಈ ಪರೀಕ್ಷೆ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ತೆರೆಯುವುದು ನನ್ನ ಕೈಯಲ್ಲಿರಲಿಲ್ಲ. ಹಾ, ಎಂಥ ಮೆತ್ತನೆಯ ಕತ್ತಲು ಅದು! ತೆರೆದಾಗ ಸಮಯ ಮೀರಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅಪ್ಪ ಮೊಣಕೈಯಿಂದ ತಿವಿದು ಎಬ್ಬಿಸಿದರು.

“ಸರ್ಕಾರಕ್ಕೆ ಅನುಮಾನ ಇರುವುದು ನನ್ನ ಮೇಲೆ ಅಂದುಕೊಂಡಿದ್ದೆ” ಎಂದರು. “ನೋಡಿದರೆ ನಿನ್ನ ಮೇಲಿದೆ.”

ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದು ನಾಲ್ಕನೆಯ ಸಲಕ್ಕೆ ಬದುಕಿದೆ. ಅಪ್ಪ ಒಂದೇ ಮಿಟುಕಿಗೆ ಪಾಸಾದರು.

ಮಧ್ಯಾಹ್ನ ಎರಡಾದರೂ ನೋಟ್‌ಬುಕ್ಕಿನಲ್ಲಿ ರಾತ್ರಿಯ ಆ ಒಂದೇ ವಾಕ್ಯವಿತ್ತು. ಬೇರೆ ದಾರಿ ಕಾಣದೆ ಬಚ್ಚಲಿಗೆ ಹೋಗಿ ಪಂಚೆಯನ್ನು ನೆನೆಸಿ, ಹಿಂಡಿ, ಉಟ್ಟುಕೊಂಡು, ಹಿತ್ತಿಲ ಮೆಟ್ಟಿಲ ಮೇಲೆ ಕೂತೆ. ನಗಬೇಡಿ. ಕೆಲಸ ಮಾಡಿತು! ಮಾತು ಸರಾಗವಾಗಿ ಬರತೊಡಗಿತು. ಸ್ವಲ್ಪ ಹೊತ್ತಿಗೆ ಅಪ್ಪ ಬಾಗಿಲಿಗೆ ಬಂದು ನಿಂತು, ಗಾಬರಿಯಿಂದ, “ಇವತ್ತು ಯಾರ ತಿಥಿಯೋ? ನಾನು ಮರೆತೆನೇನು?” ಎಂದರು. ಪಿತೃಪಕ್ಷ ನಡೆಯುತ್ತಿತ್ತು, ಅವರ ತಪ್ಪಲ್ಲ. ಯಾರದೂ ಅಲ್ಲ ಎಂದೆ. ಬಹಳ ಹೊತ್ತು ಯೋಚಿಸಿ, ಮಡಿಯಲ್ಲಿರುವವನನ್ನು ಹೆಚ್ಚು ಮಾತಾಡಿಸಬಾರದೆಂದು ಮೆಲ್ಲಗೆ ಒಳಗೆ ಹೋದರು. ಕುಮಾರವ್ಯಾಸನ ಬಗ್ಗೆ ನನಗಿದ್ದ ಗುಮಾನಿ ಆಗ ಗಟ್ಟಿಯಾಯಿತು.

ಆದರೆ ಮಡಿಗೆ ಬೆಲೆ ಕೊಡುವ ತಲೆಮಾರು ಅಪ್ಪನದೇ ಕೊನೆ. ಕರೆಗಂಟೆ ಬಾರಿಸಿತು. ಹದಿನಾಲ್ಕು ಚಿಲ್ಲರೆ ಕೆಜಿ ಅನಿಲವನ್ನೂ ಅಷ್ಟೇ ತೂಕದ ಕಬ್ಬಿಣವನ್ನೂ ಹೆಗಲ ಮೇಲೆ ಹೊತ್ತು ಬಂದವನ ಮುಂದೆ, ಒದ್ದೆ ಪಂಚೆಯಲ್ಲಿ ಪ್ರಬಂಧ ಬರೆಯುತ್ತಿದ್ದೇನೆ ಎಂದು ಹೇಳಲು ನಾಲಗೆ ಏಳಲಿಲ್ಲ.

“ಓಟಿಪಿ ಎಷ್ಟು ಸರ್?” ಎಂದ.

“ಸಾವಿರದ ಐನೂರು” ಎಂದೆ.

ಅವನು ಶ್ರದ್ಧೆಯಿಂದ ಒಂದು, ಐದು, ಸೊನ್ನೆ, ಸೊನ್ನೆ ಒತ್ತಿದ. “ತೆಗೆದುಕೊಳ್ಳುತ್ತಿಲ್ಲ ಸರ್.”

“ಇನ್ನೂ ಆರುನೂರು ಬಾಕಿ ಇದೆ” ಎಂದೆ. ಆ ಮನುಷ್ಯ ನನ್ನ ಪಂಚೆಯನ್ನೂ ಮುಖವನ್ನೂ ನೋಡಿ, ಬಹಳ ಸಮಾಧಾನದಿಂದ, “ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ?” ಎಂದು ಕೇಳಿದ.

ಪ್ರಬಂಧ ಕಳುಹಿಸಿದಾಗ ಏಳು ಗಂಟೆ ಇಪ್ಪತ್ತು. ಸಂಜೆ ಎಂಬುದು ಎಷ್ಟು ಹೊತ್ತಿನವರೆಗೆ ಇರುತ್ತದೆಂದು ಸಂಪಾದಕರು ಹೇಳಿರಲಿಲ್ಲ. ಇನ್ನು ಊಟ ಮಾಡಿ ಮಲಗುವುದೇ ಎಂದು ಏಳುವಾಗ ಮಗಳು ಬಂದಳು. ಮರುದಿನ ಗಾಂಧಿ ಜಯಂತಿ, ಶಾಲೆಯಲ್ಲಿ ಛದ್ಮವೇಷ, ತಾನು ಒನಕೆ ಓಬವ್ವ. ಅಹಿಂಸೆಯ ದಿನ ಒನಕೆ ಹಿಡಿದು ಹೋಗುವುದು ಸರಿಯೇ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಅದಕ್ಕಿಂತ ದೊಡ್ಡ ಪ್ರಶ್ನೆ, ಒನಕೆ ಎಲ್ಲಿದೆ? ಮಿಕ್ಸಿಯ ಮನೆಗಳಲ್ಲಿ ಲಟ್ಟಣಿಗೆಗಿಂತ ದೊಡ್ಡ ಆಯುಧವಿಲ್ಲ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಲಟ್ಟಣಿಗೆಯಿಂದ ಬಡಿಯುವುದಕ್ಕೆ ಮಗಳು ಸುತರಾಂ ಒಪ್ಪಲಿಲ್ಲ. ಹೆಂಡತಿಗೆ ಉಪಾಯ ಹೊಳೆಯಿತು. ಮದುವೆಗಳಲ್ಲಿ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಛತ್ರದವರು ಒರಳು, ಒನಕೆ ಇಟ್ಟಿರುತ್ತಾರೆ, ಪಿತೃಪಕ್ಷದಲ್ಲಿ ಮದುವೆಗಳಿಲ್ಲ, ಅವು ಖಾಲಿ ಬಿದ್ದಿರಬೇಕು. “ಹೇಗೂ...” ಎಂದಳು. ನಾನು ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದೆ.

ಛತ್ರದ ಕಾವಲುಗಾರ ಇನ್ನೂರು ರೂಪಾಯಿ ಮುಂಗಡ ಇಟ್ಟುಕೊಂಡು ಒನಕೆ ಕೊಟ್ಟ. ಎಂಟು ವರ್ಷದ ಓಬವ್ವನಿಗಿಂತ ಒಂದು ಗೇಣು ಉದ್ದವಿತ್ತು. ಸ್ಕೂಟರಿನ ಮೇಲೆ ಅದನ್ನು ಉದ್ದಕ್ಕೆ ಇಟ್ಟರೆ ನಾನು ಕೂರುವಂತಿಲ್ಲ, ಅಡ್ಡಕ್ಕೆ ಇಟ್ಟರೆ ಬೀದಿಯಲ್ಲಿ ಬೇರೆಯವರು ಓಡಾಡುವಂತಿಲ್ಲ. ಕೊನೆಗೆ ಗದೆಯಂತೆ ಭುಜಕ್ಕೆ ಆನಿಸಿ ಒಂದೇ ಕೈಯಲ್ಲಿ ಹೊರಟೆ. ತಿರುವಿನಲ್ಲಿ ಪೊಲೀಸರು ಕುಡಿದು ಓಡಿಸುವವರನ್ನು ಹಿಡಿಯುತ್ತಿದ್ದರು. ನನ್ನನ್ನು ನೋಡಿದೊಡನೆ ಅವರ ಮುಖ ಅರಳಿತು. ಊದಿದೆ. ಸೊನ್ನೆ. ನಂಬಿಕೆಯಾಗದೆ ಇನ್ನೊಮ್ಮೆ ಊದಿಸಿದರು. ಸೊನ್ನೆ.

ಆಗ ರಾತ್ರಿ ಎಂಟೂಕಾಲು, ನಾನು ಎದ್ದು ಹದಿನೇಳು ಗಂಟೆ ಕಳೆದಿತ್ತು. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಿದ್ದವನ ಚುರುಕುತನ, ನೂರು ಮಿಲಿಲೀಟರ್ ರಕ್ತದಲ್ಲಿ ಐವತ್ತು ಮಿಲಿಗ್ರಾಂ ಮದ್ಯ ಇದ್ದವನಷ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದವರು ಬರೆದಿದ್ದಾರೆ. ನಮ್ಮ ಕಾನೂನಿನಲ್ಲಿರುವ ಮಿತಿ ಮೂವತ್ತು. ಲೆಕ್ಕದ ಪ್ರಕಾರ ನಾನು ದಂಡ ಕಟ್ಟಬೇಕಾದವನು, ಊದುವ ಯಂತ್ರಕ್ಕೆ ಅದು ತಿಳಿಯಲಿಲ್ಲ ಅಷ್ಟೆ. ಪ್ರಾಮಾಣಿಕನಾಗಿ ಹೇಳಿಬಿಡೋಣ ಎಂದುಕೊಂಡೆ. ಆದರೆ ಪೊಲೀಸರು ಕೇಳಿದ್ದು ಬೇರೆ: “ಒನಕೆ ಯಾಕೆ ಸರ್?”

“ಗಾಂಧಿ ಜಯಂತಿಗೆ” ಎಂದೆ.

ದಾರಿ ಬಿಟ್ಟರು.

ಒಂಬತ್ತೂವರೆಗೆ ಹಾಸಿಗೆಗೆ ಬಿದ್ದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಸುತ್ತ ಕತ್ತಲು, ಗಡಿಯಾರದಲ್ಲಿ ಮೂರು ಹತ್ತು. ನೀರಿನ ಸರದಿಯಲ್ಲ, ನಲ್ಲಿಯಲ್ಲಿ ನಿಟ್ಟುಸಿರೂ ಇಲ್ಲ. ಮೈಗೆ ಮಾತ್ರ ಅದು ತಿಳಿದಿರಲಿಲ್ಲ. ಎದ್ದು ಹೋಗಿ ಸಂಪಿನ ಕಟ್ಟೆಯ ಮೇಲೆ ಕೂತೆ. ಪಂಚೆ ಒಣಗಿತ್ತು, ಬರೆಯಬೇಕಾದದ್ದು ಏನೂ ಇರಲಿಲ್ಲ, ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಮೂಲೆಯಲ್ಲಿ ಒನಕೆ ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡುತ್ತಿತ್ತು. ಅದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿರುವಾಗ ಒಳಗಿನಿಂದ ಅಪ್ಪನ ದನಿ ಬಂತು.

“ನೀರು ಬಂತೇನೋ?”

“ಇಲ್ಲಪ್ಪ, ಇವತ್ತು ಬರುವುದಿಲ್ಲ. ನೀವು ಮಲಗಿ.”

“ಈ ವಯಸ್ಸಿಗೆ ನಿದ್ದೆ ಎಲ್ಲಿಂದ ಬರಬೇಕು” ಎಂದರು. ಮಂಚ ಕಿರುಗುಟ್ಟಿತು. ಊರುಗೋಲು ನೆಲಕ್ಕೆ ತಾಗಿತು. “ಹೇಗೂ ಎದ್ದಿದ್ದೀಯಲ್ಲ, ಒಂದು ಲೋಟ ಹಾಲು ಬಿಸಿ ಮಾಡು. ಇರು, ಉಕ್ಕದ ಹಾಗೆ ನಾನು ಬಂದು ನಿಲ್ಲುತ್ತೇನೆ.”