ದಪ್ಪ ಜಲ್ಲಿ ಮೇಲೆತ್ತಲು ಯಾವ ಎಲಿವೇಟರ್? ಒಂದು ಸ್ಪಷ್ಟನೆ

ಸಾಲು ಬಕೆಟ್‌ಗಳಲ್ಲಿ ಮಾಲನ್ನು ಮೇಲೆತ್ತುವ ಯಂತ್ರವಾದ ಬಕೆಟ್ ಎಲಿವೇಟರ್ ಬಗ್ಗೆ ‘ಎಲ್ಲಾ ಒಂದೇ, ಕಾಳಿಗೆ ಆಗೋದು ಜಲ್ಲಿಗೂ ಆಗುತ್ತೆ, ಜೋರಾಗಿ ಓಡಿಸಿದಷ್ಟೂ ಲಾಭ’ ಅನ್ನುವ ಮಾತು ಓಡಾಡುತ್ತಿದೆ. ಇದು ತಪ್ಪು.

ಕಾಳಿನ ಎಲಿವೇಟರ್‌ನಲ್ಲಿ ಬಕೆಟ್‌ಗಳು ತಳದಲ್ಲಿ ಬಿದ್ದ ಮಾಲನ್ನು ಬಾಚಿಕೊಂಡು ಮೇಲೆ ಹೋಗಿ, ತಿರುಗುವ ರಭಸಕ್ಕೆ ಹೊರಗೆ ಎಸೆಯುತ್ತವೆ. 40 ಎಂಎಂ ಜಲ್ಲಿಯನ್ನು ಹಾಗೆ ಬಾಚಲು ಹೋದರೆ ಬಕೆಟ್ ಅಂಚು ಮಡಚಿಕೊಳ್ಳುತ್ತದೆ, ಬೋಲ್ಟ್ ಕಿತ್ತು ಬರುತ್ತದೆ, ಒಂದೇ ಒಂದು ಕಲ್ಲು ಬಕೆಟ್‌ಗೂ ಹೊರಕವಚಕ್ಕೂ ನಡುವೆ ಸಿಕ್ಕಿಕೊಂಡರಂತೂ ಕಥೆ ಮುಗೀತು.

ದಪ್ಪ ಜಲ್ಲಿಗೆ ಬೇಕಾದ್ದು ಬಕೆಟ್‌ಗಳನ್ನು ಒತ್ತೊತ್ತಾಗಿ ಜೋಡಿಸಿದ, ನಿಧಾನವಾಗಿ ಸಾಗುವ ಕಂಟಿನ್ಯುಯಸ್ ಮಾದರಿ. ಇದರಲ್ಲಿ ಬಾಚುವ ಕೆಲಸ ಕಡಿಮೆ, ಕಲ್ಲು ಹೆಚ್ಚಾಗಿ ನೇರ ಬಕೆಟ್‌ಗೇ ಬೀಳುತ್ತದೆ. ಮೇಲೆ ಹೋದಮೇಲೆ ಮುಂದಿನ ಬಕೆಟ್‌ನ ಬೆನ್ನ ಮೇಲೆ ಜಾರಿ ಹೊರಬರುತ್ತದೆ. ಗಂಟೆಗೆ ಎಷ್ಟು ಟನ್ ಅನ್ನೋದು ಆಮೇಲೆ, ಮೊದಲು ಅತಿ ದೊಡ್ಡ ಕಲ್ಲಿನ ಅಳತೆ ನೋಡಬೇಕು, ಅಲ್ವಾ?

‘ಮಾಲು ಸಾಗಿಸುವ ಮಾಮೂಲಿ ಬೆಲ್ಟನ್ನೇ ಕಡಿದಾಗಿ ನಿಲ್ಲಿಸಿ’ ಅನ್ನೋದೂ ಸುಮ್ನೆ ಮಾತು. ಸುಮಾರು 18–20 ಡಿಗ್ರಿ ದಾಟಿದರೆ ಕಲ್ಲು ಹಿಂದಕ್ಕೆ ಉರುಳತೊಡಗುತ್ತದೆ. ಪಕ್ಕದಲ್ಲಿ ಗೋಡೆ, ನಡುವೆ ಅಡ್ಡಪಟ್ಟಿ ಇರುವ ಬೆಲ್ಟ್ ಆದರೆ ನೆಟ್ಟಗೂ ಏರಬಲ್ಲದು. ತೀರಾ ದೊಡ್ಡ ಕಲ್ಲಿದ್ದರೆ ಸ್ಕಿಪ್ ಹಾಯ್ಸ್ಟ್ (ಹಗ್ಗದಿಂದ ಎಳೆದು ಮೇಲೇರಿಸುವ ದೊಡ್ಡ ತೊಟ್ಟಿ) ನೋಡಿ.