ಕೂದಲೆಳೆಯಷ್ಟು ಸಡಿಲ

ಸ್ಪ್ಯಾನರ್ ಕೈಗೆ ಬಂದ ಕೂಡಲೇ ಮನುಷ್ಯನಿಗೆ ಏನನ್ನಾದರೂ ಬಿಗಿ ಮಾಡೋಣ ಅನ್ನಿಸುತ್ತದೆ. ನಟ್ಟು ಕಂಡರೆ ಅದಕ್ಕೊಂದು ಸುತ್ತು, ಸ್ಕ್ರೂ ಕಂಡರೆ ಅದಕ್ಕೊಂದು ಸುತ್ತು, ಕೊನೆಗೆ ‘ಇರಲಿ’ ಅಂತ ಇನ್ನರ್ಧ ಸುತ್ತು. ಹಳೇ ಬೈಕನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವವರಿಗೆ ತುಕ್ಕಿಗಿಂತ ದೊಡ್ಡ ಶತ್ರು ಈ ‘ಇರಲಿ’. ಹೊರಗಿನಿಂದ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಬೈಕು ಓಡುವುದು ಒಳಗಿನ ಸಂದುಗಳ ಬಲದ ಮೇಲೆ. ವಾಲ್ವಿಗೂ ಅದನ್ನು ಒತ್ತಿ ತೆರೆಯುವ ರಾಕರ್‌ಗೂ ನಡುವೆ ಒಂದು ಸಂದು, ಕಿಡಿ ಹಾರಿಸುವ ಪ್ಲಗ್ಗಿನ ತುದಿಯಲ್ಲೊಂದು, ಆ ಕಿಡಿಗಾಗಿ ಕರೆಂಟನ್ನು ಹೊತ್ತಿಗೆ ಸರಿಯಾಗಿ ಕಡಿಯುವ ಪಾಯಿಂಟಿನಲ್ಲೊಂದು. ಕ್ಲಚ್ ಕೇಬಲ್ಲಿಗೆ ಒಂದಿಷ್ಟು ಪ್ಲೇ ಬೇಕು, ಚೈನು ಒಂದಿಷ್ಟು ಜೋಲಬೇಕು. ಈ ಸಂದುಗಳನ್ನು ಅಳೆದು ಕಾಪಾಡಿಕೊಂಡು ಬಂದರೆ ಅರ್ಧಕ್ಕರ್ಧ ರಿಪೇರಿ ಮುಗಿದ ಹಾಗೆ.

ಟ್ಯಾಪೆಟ್, ಅಂದರೆ ವಾಲ್ವಿಗೂ ರಾಕರ್‌ಗೂ ನಡುವಿನ ಆ ಸಂದಿನ ವಿಷಯವನ್ನೇ ತೆಗೆದುಕೊಳ್ಳಿ. ಎಂಜಿನ್ನಿನ ತಲೆಯಿಂದ ಟಕಟಕ ಸದ್ದು ಬಂದರೆ ಎಲ್ಲರಿಗೂ ಗಾಬರಿ. ಸದ್ದು ನಿಂತಾಗ ಯಾರೂ ಗಾಬರಿಯಾಗುವುದಿಲ್ಲ, ಆಗಬೇಕಾದ್ದು ಆಗಲೇ. ಓಡುತ್ತ ಓಡುತ್ತ ವಾಲ್ವೂ ಅದು ಮುಚ್ಚಿಕೊಂಡು ಕೂರುವ ಸೀಟೂ ಸವೆದು ವಾಲ್ವು ಮೇಲಕ್ಕೆ ಸರಿಯುತ್ತದೆ, ಸಂದು ಕಿರಿದಾಗುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು ತನ್ನ ಕಾವನ್ನು ಬಹುಪಾಲು ಕಳೆದುಕೊಳ್ಳುವುದು ಸೀಟಿನ ಮೇಲೆ ಕೂತಿರುವ ಆ ಅರೆಗಳಿಗೆಯಲ್ಲಿ. ಸಂದೇ ಇಲ್ಲದಿದ್ದರೆ, ಕಾದು ಉದ್ದವಾದ ವಾಲ್ವು ಪೂರ್ತಿ ಕೂರುವುದಿಲ್ಲ. ಸಣ್ಣ ಬಿರುಕಿನಲ್ಲಿ ಉರಿಯುವ ಗ್ಯಾಸು ನುಗ್ಗಿ ಅಂಚನ್ನು ಸುಡುತ್ತದೆ. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವ ಬೈಕು ಕಾದ ಮೇಲೆ ಸತಾಯಿಸಿದರೆ, ಕಿಕ್ಕರ್ ಹಗುರಾಗಿ ಇಳಿದರೆ, ಐಡ್ಲಿಂಗ್ ನಿಲ್ಲದೆ ಹೋದರೆ ಮೊದಲು ನೋಡಬೇಕಾದ್ದು ಇಲ್ಲಿ. ಜನ ನೋಡುವುದು ಮಾತ್ರ ಪೆಟ್ರೋಲು ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು.

ಈ ಸಂದು ಅಳೆಯುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು; ರಾತ್ರಿಯಿಡೀ ನಿಂತ ಬೈಕಾದರೆ ಉತ್ತಮ. ಪ್ಲಗ್ ಬಿಚ್ಚಿಟ್ಟರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕು ಸುಲಭವಾಗಿ ತಿರುಗುತ್ತದೆ. ಅದರ ತುದಿಯ ಮ್ಯಾಗ್ನೆಟ್ಟಿನ ಮೇಲಿರುವ, ಪಿಸ್ಟನ್ ಪೂರ್ತಿ ಮೇಲೆ ಬಂದದ್ದನ್ನು ತೋರಿಸುವ ‘ಟಿ’ ಗುರುತನ್ನು ಕವರಿನ ಗೀಟಿಗೆ ಸರಿಯಾಗಿ ತರಬೇಕು. ಎಡವುವುದು ಇಲ್ಲೇ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆ ಗುರುತು ಕ್ರ್ಯಾಂಕಿನ ಎರಡು ಸುತ್ತಿನ ಒಂದು ಆವರ್ತಕ್ಕೆ ಎರಡು ಸಲ ಬರುತ್ತದೆ, ನಮಗೆ ಬೇಕಾದ್ದು ಒಂದೇ ಸಲದ್ದು. ಪೆಟ್ರೋಲು ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವು ಕೆಳಗಿಳಿದು ಮತ್ತೆ ಮೇಲೆ ಬರುವುದನ್ನು ಕಣ್ಣಾರೆ ನೋಡಿ, ಅದಾದ ಮೇಲೆ ಬರುವ ‘ಟಿ’ ಹತ್ತಿರ ನಿಲ್ಲಿಸಿದರೆ ಎರಡೂ ರಾಕರ್‌ಗಳು ಬೆರಳಿಗೆ ಸ್ವಲ್ಪ ಅಲುಗುತ್ತವೆ. ಅಲುಗದೆ ಬಿಗಿಯಾಗಿದ್ದರೆ ಇನ್ನೊಂದು ಸುತ್ತು ತಿರುಗಿಸಿ ನೋಡಿ. ಸಣ್ಣ ಸಿಂಗಲ್ ಸಿಲಿಂಡರ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಇನ್‌ಟೇಕಿಗೆ 0.05ರಿಂದ 0.08 ಮಿ.ಮೀ., ಎಕ್ಸಾಸ್ಟಿಗೆ 0.08ರಿಂದ 0.10 ಮಿ.ಮೀ. ಇರುತ್ತದೆ. ಆದರೆ ಕೊನೆಯ ಮಾತು ಆಯಾ ಬೈಕಿನ ಮ್ಯಾನ್ಯುಯಲ್ಲಿನದು. ರಾಕರನ್ನು ಉದ್ದದ ರಾಡಿನಿಂದ ತಳ್ಳುವ ಕೆಲವು ಹಳೆಯ ಪುಶ್‌ರಾಡ್ ಎಂಜಿನ್ನುಗಳಿಗೆ ಈ ಲೆಕ್ಕವೇ ಹೊಂದುವುದಿಲ್ಲ. ಅಲ್ಲಿ ರಾಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು.

ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲಾದ ಫೀಲರ್ ಗೇಜಿನ ಎಸಳು ಸಂದಿನಲ್ಲಿ ತೀರಾ ಜಾರಲೂಬಾರದು, ಕಚ್ಚಲೂಬಾರದು, ಸ್ವಲ್ಪ ತಡೆದು ಸರಿಯಬೇಕು. ‘ಸ್ವಲ್ಪ’ ಅಂದರೆ ಎಷ್ಟು ಅನ್ನುವವರಿಗೆ ಬೇರೆ ದಾರಿ ಇದೆ: 0.08 ಇಡಬೇಕಾದ ಕಡೆ 0.08ರ ಎಸಳು ಹೋಗಬೇಕು, 0.10ರದ್ದು ಹೋಗಬಾರದು. ರಾಕರ್ ತುದಿಯ ಸ್ಕ್ರೂ ತಿರುಗಿಸಿ ಇಷ್ಟು ಹೊಂದಿಸಿ, ಅದರ ಲಾಕ್‌ನಟ್ ಬಿಗಿ ಮಾಡಿದರೆ ನಟ್ಟಿನ ಜೊತೆ ಆ ಸ್ಕ್ರೂ ಕೂಡ ಒಂದಿಷ್ಟು ತಿರುಗಿ, ಕಷ್ಟಪಟ್ಟು ಇಟ್ಟ ಸಂದನ್ನು ನುಂಗಿಬಿಡುತ್ತದೆ. ಒಂದು ಕೈಯಲ್ಲಿ ಸ್ಕ್ರೂ ಹಿಡಿದು ಇನ್ನೊಂದು ಕೈಯಲ್ಲಿ ನಟ್ಟು ಬಿಗಿ ಮಾಡಬೇಕು. ಆಮೇಲೆ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಇಷ್ಟಾದರೂ ಸದ್ದು ಹೋಗದಿದ್ದರೆ ಸ್ಕ್ರೂವಿನ ತುದಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ. ಅದು ಸವೆದು ಗುಳಿ ಬಿದ್ದಿದ್ದರೆ ಚಪ್ಪಟೆ ಎಸಳು ಗುಳಿಯ ಅಂಚಿನ ಮೇಲಷ್ಟೇ ಕೂರುತ್ತದೆ. ಅಳತೆ ಸರಿ ಬಂದರೂ ನಿಜವಾದ ಸಂದು ಅದಕ್ಕಿಂತ ದೊಡ್ಡದೇ ಇರುತ್ತದೆ. ಸದ್ದು ನಿಲ್ಲಲಿ ಅಂತ ಅದನ್ನು ಇನ್ನೂ ಬಿಗಿ ಮಾಡುವುದಕ್ಕಿಂತ ಹೊಸ ಸ್ಕ್ರೂ ಹಾಕುವುದು ವಾಸಿ.

ಪಾಯಿಂಟಿನ ಸಂದು ಇದಕ್ಕಿಂತ ದೊಡ್ಡದು, 0.35 ಮಿ.ಮೀ. ಆಸುಪಾಸು. ತಿರುಗುತ್ತ ಪಾಯಿಂಟನ್ನು ತೆರೆಯುವ ಕ್ಯಾಮಿನ ಮೇಲೆ ಉಜ್ಜುವ ಅದರ ಹಿಮ್ಮಡಿ ದಿನ ಕಳೆದಂತೆ ಸವೆಯುವುದರಿಂದ ಸಂದು ತಾನಾಗಿ ಮುಚ್ಚಿಕೊಳ್ಳುತ್ತ ಬರುತ್ತದೆ. ಸಂದು ಮುಚ್ಚಿದಷ್ಟೂ ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿ ತಡವಾಗುತ್ತದೆ, ಬೈಕು ಏರಿನಲ್ಲಿ ಸುಸ್ತಾಗುತ್ತದೆ. ಅಂದರೆ ಸಂದು ಸರಿಮಾಡಿದ ಮೇಲೆ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಹೊತ್ತನ್ನೂ ನೋಡಲೇಬೇಕು. ಒಂದು ಸಣ್ಣ ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ತುಕ್ಕು ಹಿಡಿಯದಿರಲೆಂದು ಫೀಲರ್ ಗೇಜಿಗೆ ಎಣ್ಣೆ ಸವರಿಟ್ಟಿರುತ್ತಾರಲ್ಲ, ಆ ಎಣ್ಣೆ ಪಾಯಿಂಟಿನ ಮುಖಕ್ಕೆ ಮೆತ್ತಿಕೊಂಡರೆ ಚೆನ್ನಾಗಿದ್ದ ಕಿಡಿಯೂ ಹೋಗುತ್ತದೆ. ಅಳೆದಾದ ಮೇಲೆ ಶುಭ್ರವಾದ ಕಾಗದದ ಚೂರೊಂದನ್ನು ಪಾಯಿಂಟುಗಳ ನಡುವೆ ಇಟ್ಟು ಎಳೆದರೆ ಸಾಕು. ಇನ್ನು ಪಾಯಿಂಟಿನಲ್ಲೇ ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ ತಪ್ಪು ಆ ಕಿಡಿಯನ್ನು ತಡೆಯಬೇಕಾದ ಕಂಡೆನ್ಸರಿನದು. ಪಾಯಿಂಟನ್ನು ಉಜ್ಜಿ ಉಪಯೋಗವಿಲ್ಲ.

ಪ್ಲಗ್ಗಿಗೆ 0.6ರಿಂದ 0.7 ಮಿ.ಮೀ. ಸಂದು ಹೊರಗಿನ ಕೊಕ್ಕೆಯನ್ನು ಬಾಗಿಸಿ ಮಾಡುವಂಥದ್ದು. ನಡುವಿನ ಎಲೆಕ್ಟ್ರೋಡಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತದೆ. ಹಾಕುವಾಗ ಬೆರಳಲ್ಲೇ ಕೊನೆಯವರೆಗೂ ತಿರುಗಿಸಬೇಕು. ಹೊಸ ಪ್ಲಗ್ಗಾದರೆ ಅದರ ಮೇಲೆ ಅರ್ಧ ಸುತ್ತು, ವಾಷರ್ ಆಗಲೇ ಒತ್ತಿಹೋಗಿರುವ ಹಳೆಯ ಪ್ಲಗ್ಗಾದರೆ ಸುತ್ತಿನ ಎಂಟನೇ ಒಂದು ಭಾಗವನ್ನೂ ದಾಟಬಾರದು.

ಇಷ್ಟು ಹೇಳಿದ ಮೇಲೆ ಕಾರ್ಬ್ಯುರೇಟರಿಗೂ ನ್ಯಾಯ ಸಲ್ಲಬೇಕು. ಅದನ್ನು ಸುಮ್ಮಸುಮ್ಮನೆ ದೂರುತ್ತಾರೆ ನಿಜ, ಆದರೆ ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಆ ದೂರು ಬಹುಮಟ್ಟಿಗೆ ಸರಿ. ಅದರ ತಳದ ಫ್ಲೋಟ್ ಚೇಂಬರಿನಲ್ಲಿ ಉಳಿದ ಪೆಟ್ರೋಲು ಆರುತ್ತ ಆರುತ್ತ ಅಂಟಾಗುತ್ತದೆ. ಮೊದಲು ಮುಚ್ಚಿಹೋಗುವುದು ಐಡ್ಲಿಂಗಿಗೆ ಪೆಟ್ರೋಲು ಕೊಡುವ ಪೈಲಟ್ ಜೆಟ್, ಯಾಕೆಂದರೆ ಅದರ ರಂಧ್ರವೇ ಅರ್ಧ ಮಿ.ಮೀ.ಗಿಂತ ಕಿರಿದು. ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ಆಫ್ ಆಗುತ್ತದೆ ಎಂಬ ಬೈಕಿನ ರೋಗ ಸಾಮಾನ್ಯವಾಗಿ ಇದೇ. ಇಲ್ಲೂ ಉತ್ಸಾಹವೇ ಹಾಳು ಮಾಡುವುದು. ಸಿಕ್ಕಿದ ಸೂಜಿಯನ್ನೋ ಉಕ್ಕಿನ ತಂತಿಯನ್ನೋ ಚುಚ್ಚಿದರೆ ಹಿತ್ತಾಳೆಯ ಜೆಟ್ಟು ಒಳಗೇ ಹಿಗ್ಗಿ, ಬೈಕು ಮುಂದೆ ಕಾಲವಿಡೀ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಕಾರ್ಬ್ ಕ್ಲೀನರಿನಲ್ಲಿ ನೆನೆಹಾಕಿ ಗಾಳಿ ಹೊಡೆಯಬೇಕು. ಅದಕ್ಕೂ ಬಗ್ಗದಿದ್ದರೆ ವೈರಿನೊಳಗಿನ ತಾಮ್ರದ ಒಂದೇ ಒಂದು ಎಳೆ ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದರೆ ಆ ಕಡೆಯ ಬೆಳಕು ದುಂಡಗೆ ಕಾಣಬೇಕು.

ಪೆಟ್ರೋಲು ಗಾಳಿಯ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಹೊರತೆಗೆಯುವ ಮುಂಚೆ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಕೂತಿತು ಅನ್ನಿಸಿದ ತಕ್ಷಣ ಕೈ ನಿಲ್ಲಬೇಕು. ಅಲ್ಲಿ ಬಿಗಿ ಮಾಡಿದರೆ ಚೂಪು ತುದಿಗೆ ಉಂಗುರದ ಗಾಯವಾಗುತ್ತದೆ, ಇಲ್ಲವೇ ತುದಿಯೇ ಮುರಿದು ರಂಧ್ರದಲ್ಲಿ ಉಳಿಯುತ್ತದೆ. ಮರಳಿ ಹಾಕುವಾಗ ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ ಶುರುಮಾಡಬಹುದು. ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಅದು ಸಾಮಾನ್ಯವಾಗಿ ಗಾಳಿಯದು, ಬಿಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆ. ಎಂಜಿನ್ನಿನ ಕಡೆಗಿದ್ದರೆ ಪೆಟ್ರೋಲಿನದು, ಬಿಚ್ಚಿದಷ್ಟೂ ಹೆಚ್ಚು. ಇದನ್ನು ತಲೆಕೆಳಗಾಗಿ ತಿಳಿದುಕೊಂಡು ಟ್ಯೂನಿಂಗ್ ಮಾಡುವವರಿಗೆ ಭಾನುವಾರ ಸಾಲುವುದಿಲ್ಲ. ಅಂದಹಾಗೆ, ಬೈಕು ಹತ್ತು ಹದಿನೈದು ನಿಮಿಷ ಓಡಿ ಸತ್ತು, ಟ್ಯಾಂಕಿನ ಮುಚ್ಚಳ ತೆಗೆದಾಗ ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಸ್ಟಾರ್ಟ್ ಆದರೆ ಕಾರ್ಬ್ಯುರೇಟರಿಗೆ ಕೈ ಹಾಕಬೇಡಿ. ಮುಚ್ಚಳದ ಗಾಳಿಕಿಂಡಿ ಕಟ್ಟಿದೆ, ಅಷ್ಟೇ.

ಹಾಗಂತ ಎಲ್ಲವೂ ಸಡಿಲವಾಗಿರಬೇಕೆಂದಲ್ಲ. ಬಿಗಿಯಿರಬೇಕಾದ್ದಕ್ಕೂ ಒಂದು ಮಿತಿಯಿದೆ. ಹತ್ತರ ಸ್ಪ್ಯಾನರ್ ಕೂರುವ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಅಂದರೆ 10 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ ಹತ್ತು ಕಿಲೋ ತೂಕದ ಒತ್ತು. ಸ್ಪ್ಯಾನರ್ ಉದ್ದವಾದರೆ ಅದೇ ಕೈ ಬಲಕ್ಕೆ ಅಲ್ಯೂಮಿನಿಯಂ ಥ್ರೆಡ್ಡು ಬೋಲ್ಟಿನ ಜೊತೆಗೇ ಸುರುಳಿಯಾಗಿ ಎದ್ದುಬರುತ್ತದೆ. ಆಯಿಲ್ ಡ್ರೈನ್ ಬೋಲ್ಟಿನ ಕತೆ ಹೆಚ್ಚಾಗಿ ಹೀಗೇ ಮುಗಿಯುತ್ತದೆ: ಜಿನುಗುತ್ತದೆ ಅಂತ ಬಿಗಿ, ಇನ್ನೂ ಜಿನುಗುತ್ತದೆ ಅಂತ ಇನ್ನೂ ಬಿಗಿ, ಕೊನೆಗೆ ಥ್ರೆಡ್ಡೇ ಇಲ್ಲ. ಆ ಜಿನುಗಿಗೆ ಬೇಕಾಗಿದ್ದದ್ದು ಒಂದು ಹೊಸ ವಾಷರ್. ಸೈಡ್ ಕವರಿನ ಸ್ಕ್ರೂ ತಲೆ ಸವೆಯುವುದಕ್ಕೂ ಕಾರಣ ಬಲ ಕಡಿಮೆಯಾದದ್ದಲ್ಲ. ಹಳೆಯ ಜಪಾನಿ ವಿನ್ಯಾಸದ ಬೈಕುಗಳಲ್ಲಿ ಪ್ಲಸ್ ಸ್ಕ್ರೂಗಳು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅದರ ತಳ ಮುಟ್ಟದೆ ಜಾರಿ ಮೇಲೆದ್ದು ಮೂಲೆ ಕೆರೆಯುತ್ತದೆ. ಸರಿಯಾದ ಡ್ರೈವರನ್ನು ಇಟ್ಟು ಅದರ ಹಿಂಬದಿಗೆ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ ಕಚ್ಚಿಕೊಂಡ ಥ್ರೆಡ್ಡು ಬಿಡುತ್ತದೆ.

ಬಿಗಿ ಕಮ್ಮಿಯಾದರೆ ನಿಜವಾಗಿಯೂ ತೊಂದರೆ ಕೊಡುವುದು ವೈರಿಂಗು, ಅದರಲ್ಲೂ ಅರ್ಥಿಂಗು, ಅಂದರೆ ಕರೆಂಟು ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ದಾರಿ. ಫ್ರೇಮಿಗೆ ಸೇರುವ ಕಡೆ ಪೇಂಟೋ ತುಕ್ಕೋ ಇದ್ದರೆ ಹಾರನ್ ಒತ್ತಿದಾಗ ಇಂಡಿಕೇಟರ್ ಮಂಕಾಗುವಂಥ ಚೇಷ್ಟೆಗಳು ಶುರು. ಹಾರನ್ ಒತ್ತಿ ಹಿಡಿದು ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿನ ಪೇಂಟಿಲ್ಲದ ಲೋಹಕ್ಕೂ ವೋಲ್ಟ್ ಮೀಟರ್ ಹಚ್ಚಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬ್ಯಾಟರಿ ಬದಲಿಸುವ ಮುಂಚೆ ಆ ಜಾಗವನ್ನು ಉಜ್ಜಿ ಹೊಳೆಯಿಸಿ.

ಕೊನೆಗೆ ಚೈನು. ಕೆಳಗಿನ ಎಳೆಯ ನಡುಭಾಗದಲ್ಲಿ ಬೆರಳಿಟ್ಟು ಎತ್ತಿ ಇಳಿಸಿದರೆ 20ರಿಂದ 30 ಮಿ.ಮೀ. ಆಡಬೇಕು. ಒಂದೇ ಕಡೆ ನೋಡಿದರೆ ಸಾಲದು. ಚಕ್ರ ತಿರುಗಿಸುತ್ತ ಹೋದರೆ ಹಳೆಯ ಚೈನು ಎಲ್ಲೋ ಒಂದು ಕಡೆ ಬಿಗಿಯಾಗುತ್ತದೆ, ಅಳತೆ ಅಲ್ಲಿಯದೇ ಆಗಬೇಕು. ಸ್ಟ್ಯಾಂಡಿನ ಮೇಲೆ ಜೋಲಾಡುವ ಚೈನು ಕಂಡು ಅಸಹ್ಯಪಡಬೇಕಿಲ್ಲ. ಸವಾರ ಕೂತು ಹಿಂದಿನ ಸಸ್ಪೆನ್ಷನ್ ಅದುಮಿದಾಗ ಚೈನು ಸುತ್ತುವ ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮಿನ ಪಿವಟ್ (ಕೀಲು), ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬರುತ್ತವೆ. ಚೈನು ಅತಿ ಹೆಚ್ಚು ಬಿಗಿಯಾಗುವುದು ಆಗ. ನಿಂತ ಬೈಕಿನಲ್ಲೇ ತಂತಿಯ ಹಾಗೆ ಎಳೆದಿಟ್ಟಿದ್ದರೆ ಗುಂಡಿ ಬಂದ ಕಡೆಯೆಲ್ಲ ಗೇರ್‌ಬಾಕ್ಸಿನ ಬೇರಿಂಗು ಪೆಟ್ಟು ತಿನ್ನುತ್ತದೆ, ಆಯಿಲ್ ಸೀಲು ಸೋರತೊಡಗುತ್ತದೆ. ಚಕ್ರ ನೇರ ಕೂತಿದೆಯೇ ಎಂದು ತಿಳಿಯಲು ಸ್ವಿಂಗ್ ಆರ್ಮಿನ ಮೇಲಿನ ಗೀಟುಗಳನ್ನು ಪೂರ್ತಿ ನಂಬದೆ ಪಿವಟ್‌ನಿಂದ ಆಕ್ಸಲ್‌ವರೆಗೆ ಎರಡೂ ಕಡೆ ಟೇಪು ಹಿಡಿದು ನೋಡುವುದು ಲೇಸು. ಚೈನ್ ಲಾಕಿನ ಕ್ಲಿಪ್ಪು ಹಾಕುವಾಗ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಲಿ.

ಆಕ್ಸಲ್ ನಟ್ಟು ಬಿಗಿ ಮಾಡಿ ಸ್ಪ್ಲಿಟ್ ಪಿನ್ ಹಾಕಿದ ಮೇಲೂ ಚೈನಿನ ಕೆಲಸ ಮುಗಿದಿರುವುದಿಲ್ಲ. ಚೈನು ಬಿಗಿ ಮಾಡಲು ಚಕ್ರ ಹಿಂದಕ್ಕೆ ಸರಿದಿರುವುದರಿಂದ ಡ್ರಮ್ ಬ್ರೇಕಿನ ರಾಡು ತಾನಾಗಿ ಬಿಗಿಯಾಗಿರುತ್ತದೆ. ಹಾಗೇ ಬಿಟ್ಟರೆ ಶೂ ಉಜ್ಜುತ್ತ ಡ್ರಮ್ಮು ಕಾಯುತ್ತದೆ, ಮೈಲೇಜು ಬಿತ್ತು ಅಂತ ಮತ್ತೆ ಕಾರ್ಬ್ಯುರೇಟರಿಗೆ ಬೈಗುಳ ಶುರುವಾಗುತ್ತದೆ. ಪೆಡಲ್ಲಿಗೆ 20ರಿಂದ 30 ಮಿ.ಮೀ. ಪ್ಲೇ ಬರುವಷ್ಟು ರಾಡಿನ ನಟ್ಟು ಬಿಚ್ಚಿ, ಚಕ್ರ ಎಲ್ಲೂ ಉಜ್ಜದೆ ತಿರುಗುತ್ತದೆಯೇ ನೋಡಬೇಕು. ಪೆಡಲ್ಲಿನ ಪ್ಲೇ ಬದಲಾದರೆ ಬ್ರೇಕ್ ಲೈಟು ಹತ್ತುವ ಹೊತ್ತೂ ಬದಲಾಗುತ್ತದೆ; ಬ್ರೇಕು ಹಿಡಿಯುವುದಕ್ಕೆ ಒಂದು ಕ್ಷಣ ಮೊದಲು ಅದು ಹತ್ತಬೇಕು. ಅದಕ್ಕೆ ಸ್ವಿಚ್ಚಿನ ಕೊರಳಲ್ಲಿರುವ ಪ್ಲಾಸ್ಟಿಕ್ ನಟ್ಟನ್ನಷ್ಟೇ ತಿರುಗಿಸಿ, ಸ್ವಿಚ್ಚು ತಿರುಗದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಸ್ವಿಚ್ಚೇ ತಿರುಗಿದರೆ ಒಳಗಿನ ವೈರು ಕಿತ್ತುಬರುತ್ತದೆ.